ಆರ್ಡರ್ ಫಾರಂನಲ್ಲಿ ಹುಟ್ಟಿದ ಕಾರು: ಪಾಂಟಿಯಾಕ್ ಜಿಟಿಒ ಕಥೆ

ಹೋದ ಶನಿವಾರ ಇಲ್ಲಿ ಡೆಟ್ರಾಯಿಟ್ ಕಡೆಯ ಕನ್ನಡದವರು ಒಂದು ಐವತ್ತು ಅರವತ್ತು ಜನ ಸೇರಿದ್ದಾಗ ನಾನು ಮಾತಾಡಿದ್ದು ಇದು. ಬರೋಕೆ ಆಗದೇ ಇದ್ದವರು ಬರೆದು ಕಳಿಸಿ ಅಂದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಹೆಚ್ಚುಕಮ್ಮಿ ಮಾತಾಡಿದ ಹಾಗೇ ಟೈಪ್ ಮಾಡಿದೀನಿ, ಆವತ್ತು ಹೇಳೋಕೆ ಮರೆತಿದ್ದನ್ನ ಎರಡು ಮೂರು ಕಡೆ ಸೇರಿಸಿದೀನಿ ಅಷ್ಟೇ.

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್, ನಿಮಗೆಲ್ಲ ಗೊತ್ತಿರೋದೇ. 1995ರಿಂದ, 2020 ಒಂದು ಬಿಟ್ಟು, ಪ್ರತಿ ಆಗಸ್ಟ್‌ನಲ್ಲಿ ಹಳೇ ಕಾರುಗಳೆಲ್ಲ ಶೆಡ್‌ನಿಂದ ಆಚೆ ಬಂದು ವುಡ್‌ವರ್ಡ್ ರಸ್ತೆ ಮೇಲೆ ಮೆರವಣಿಗೆ ಥರ ಹೋಗ್ತವೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಇಲ್ಲಿನ ಕಾರ್ ಕಂಪನಿಗಳಲ್ಲೋ ಅವಕ್ಕೆ ಪಾರ್ಟ್ಸ್ ಕೊಡೋ ಕಡೆಯೋ ಕೆಲಸ ಮಾಡೋರು, ಆದ್ರೂ ಆ ವಾರ ಬಂದ್ರೆ ಟ್ರಾಫಿಕ್ ಜಾಸ್ತಿ ಅಂತ ಬೇರೆ ರಸ್ತೆ ಹಿಡ್ಕೊಂಡು ಆಫೀಸಿಗೆ ಹೋಗಿಬಿಡ್ತೀವಿ. ಈ ಸಲ ಹಾಗೆ ಮಾಡ್ಬೇಡಿ, ಮಕ್ಕಳನ್ನ ಕರ್ಕೊಂಡು ಒಂದು ಗಂಟೆ ಫುಟ್‌ಪಾತ್‌ನಲ್ಲಿ ನಿಂತ್ಕೊಂಡು ನೋಡಿ ಅಂತ ಕೇಳ್ಕೊಳ್ಳೋಕೇ ನಾನು ಈ ವಿಷಯ ಆರಿಸ್ಕೊಂಡಿದ್ದು.

ವುಡ್‌ವರ್ಡ್ ಅವೆನ್ಯೂ ಡೆಟ್ರಾಯಿಟ್ ಹೊಳೆ ದಂಡೆಯಿಂದ ಶುರುವಾಗಿ ಪಾಂಟಿಯಾಕ್ ಊರಿನ ತನಕ ಹೋಗುತ್ತೆ. 1909ರಲ್ಲಿ ಇದರದ್ದೇ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದ್ರು, ಸಿಕ್ಸ್ ಮೈಲ್ ರೋಡಿಂದ ಸೆವೆನ್ ಮೈಲ್ ರೋಡಿನ ತನಕ, ಆ ಕಾಲಕ್ಕೆ ಅದನ್ನ ನೋಡೋಕೇ ಜನ ಬರ್ತಿದ್ರು. 60ರ ದಶಕದಲ್ಲಿ ಇದೇ ರಸ್ತೆಯಲ್ಲಿ ರಾತ್ರಿ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ರೇಸ್ ನಡೀತಿತ್ತು. ಬರೀ ಹುಡುಗರಲ್ಲ, ಕಾರ್ ಕಂಪನಿಗಳ ಎಂಜಿನಿಯರ್‌ಗಳೇ ತಮ್ಮ ಟೆಸ್ಟ್ ಕಾರ್ ತಗೊಂಡು ಬರ್ತಿದ್ರು, ಯಾಕಂದ್ರೆ ಫ್ಯಾಕ್ಟರಿ, ಡಿಸೈನ್ ಆಫೀಸು, ಅವರ ಮನೆ, ಎಲ್ಲ ಇದರ ಅಕ್ಕಪಕ್ಕದಲ್ಲೇ ಇದ್ದಿದ್ದು. ನಾನು ಹೇಳೋಕೆ ಹೊರಟಿರೋ ಪಾಂಟಿಯಾಕ್ ಜಿಟಿಒ ಕಾರು ಈ ರಸ್ತೆಯ ಮಗು.

ಮಾಮೂಲಿ ಕಾರಿಗೆ ಭಾರಿ ಎಂಜಿನ್ ಹಾಕಿ ಜೋರಾಗಿ ಓಡೋ ಹಾಗೆ ಮಾಡಿದ್ದಕ್ಕೆ ಮಸಲ್ ಕಾರ್ ಅಂತಾರೆ, ಅದರಲ್ಲಿ ಮೊದಲನೇದು ಯಾವುದು ಅಂತ ಜಗಳ ಇದೆ. 1949ರ ಓಲ್ಡ್ಸ್‌ಮೊಬೈಲ್ ರಾಕೆಟ್ 88 ಅಂತಾರೆ, 1955ರ ಕ್ರೈಸ್ಲರ್ 300 ಅಂತಾರೆ. ನಾನು ಜಿಟಿಒ ಪಕ್ಷ. ಮಧ್ಯಮ ಗಾತ್ರದ ಮಾಮೂಲಿ ಫ್ಯಾಮಿಲಿ ಕಾರಿನ ಬಾಡಿ, ಅದರೊಳಗೆ ದೊಡ್ಡ ಕಾರಿನ ಎಂಜಿನ್, ಮತ್ತೆ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಕಂತು ಕಟ್ಟಿ ತಗೋಬಹುದಾದ ರೇಟು, ಈ ಮೂರನ್ನೂ ಒಂದೇ ಕಡೆ ಸೇರಿಸಿ ಮಾರಿ, ಉಳಿದವರೆಲ್ಲ ಕಾಪಿ ಹೊಡೆಯೋ ಹಾಗೆ ಮಾಡಿದ್ದು ಇದೇ. ಆದ್ರೆ ನನ್ನನ್ನ ಈ ಕಾರಿಗೆ ಕಟ್ಟಿಹಾಕಿದ್ದು ಅದಲ್ಲ. ಇದು ಕಾರಾಗಿ ಹುಟ್ಟಲೇ ಇಲ್ಲ, ಆರ್ಡರ್ ಫಾರಂನಲ್ಲಿ ಒಂದು ಸಾಲಾಗಿ ಹುಟ್ಟಿದ್ದು. ಅದು ಯಾಕೆ ಹಾಗಾಯ್ತು ಅನ್ನೋದೇ ನನ್ನ ಇವತ್ತಿನ ಮಾತು.

ಸ್ವಲ್ಪ ಹಿಂದೆ ಹೋಗೋಣ. ಪಾಂಟಿಯಾಕ್ ಅನ್ನೋದು ಜನರಲ್ ಮೋಟರ್ಸ್‌ನ ಒಂದು ಡಿವಿಜನ್, ಷೆವ್ರೊಲೆಗಿಂತ ಒಂದು ಮೆಟ್ಟಲು ಮೇಲೆ. 50ರ ದಶಕದಲ್ಲಿ ಅದು ರಿಟೈರ್ ಆದ ಮೇಷ್ಟ್ರು ಓಡಿಸೋ ಗಾಡಿ ಅನ್ನೋ ಹಾಗಿತ್ತು. 1956ರಲ್ಲಿ ಬಂಕಿ ನೂಡ್ಸನ್ ಅನ್ನೋರು ಮುಖ್ಯಸ್ಥರಾಗಿ ಬಂದ್ರು, ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಅಂದ್ರೆ ಬಾನೆಟ್ ಮೇಲೆ ವರ್ಷಗಟ್ಟಲೆಯಿಂದ ಇದ್ದ ಬೆಳ್ಳಿ ಪಟ್ಟಿಗಳನ್ನ ಕಿತ್ತು ಹಾಕಿಸಿದ್ದು. ಆಮೇಲೆ ಪೀಟ್ ಎಸ್ಟಿಸ್, ಜಾನ್ ಡಿಲೋರಿಯನ್ ಥರದ ಎಂಜಿನಿಯರ್‌ಗಳನ್ನ ಕರ್ಕೊಂಡು ಬಂದ್ರು, ರೇಸಿಂಗ್‌ಗೆ ಕೈ ಹಾಕಿದ್ರು, ಸೂಪರ್ ಡ್ಯೂಟಿ ಅನ್ನೋ ಎಂಜಿನ್‌ಗಳು ಟ್ರ್ಯಾಕ್ ಮೇಲೆ ಹೆಸರು ಮಾಡಿದ್ವು, ಹುಡುಗರು ಷೋರೂಮಿಗೆ ಬರೋಕೆ ಶುರುವಾದ್ರು. ರೇಸ್‌ನಲ್ಲಿ ಗೆದ್ದಷ್ಟೂ ಕಾರು ಖರ್ಚಾಗುತ್ತೆ ಅನ್ನೋದು ಪಾಂಟಿಯಾಕ್‌ಗೆ ಅರ್ಥ ಆಗಿತ್ತು.

ಅಷ್ಟರಲ್ಲಿ 1963ರ ಜನವರಿಯಲ್ಲಿ ಮೇಲಿಂದ ಆರ್ಡರ್ ಬಂತು: ಜನರಲ್ ಮೋಟರ್ಸ್‌ನ ಯಾವ ಡಿವಿಜನ್ನೂ ರೇಸಿಂಗ್ ತಂಟೆಗೆ ಹೋಗಬಾರದು. ಆಗ ಅಮೆರಿಕದಲ್ಲಿ ಮಾರಾಟ ಆಗ್ತಿದ್ದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವರದ್ದೇ, ಸರ್ಕಾರ ಏಕಸ್ವಾಮ್ಯ ಅಂತ ಕಂಪನಿಯನ್ನ ಒಡೆದು ಹಾಕಿಬಿಟ್ರೆ ಅನ್ನೋ ಭಯ ದೊಡ್ಡವರಿಗಿತ್ತು. ಪಾಂಟಿಯಾಕ್‌ನವರ ಪಾಲಿಗೆ ಇದು ಉಣ್ಣೋ ತಟ್ಟೆಯನ್ನೇ ಎಳ್ಕೊಂಡ ಹಾಗಾಯ್ತು. ಟ್ರ್ಯಾಕ್ ಇಲ್ಲ ಅಂದ್ರೆ ಇನ್ನು ಉಳಿದಿದ್ದು ರಸ್ತೆ.

ಈಗ ಮಿಲ್‌ಫರ್ಡ್‌ಗೆ ಬರ್ತೀನಿ. ಜನರಲ್ ಮೋಟರ್ಸ್‌ನ ಪ್ರೂವಿಂಗ್ ಗ್ರೌಂಡ್, ಅಂದ್ರೆ ಕಾರು ಓಡಿಸಿ ಪರೀಕ್ಷೆ ಮಾಡೋ ಜಾಗ, ಅಲ್ಲೇ ಇರೋದು, ಇಲ್ಲಿರೋರಲ್ಲಿ ಕೆಲವರು ವಾರಕ್ಕೆರಡು ಸಲ ಅಲ್ಲಿಗೆ ಹೋಗಿಬರೋರೇ. ಡಿಲೋರಿಯನ್ ಆಗ ಚೀಫ್ ಎಂಜಿನಿಯರ್. ಶನಿವಾರ ಶನಿವಾರ ತನ್ನ ಎಂಜಿನಿಯರ್‌ಗಳನ್ನ ಸೇರಿಸಿ ಹೊಸ ಕಾರು ಬಿಚ್ಚಿ ನೋಡೋದು, ಓಡಿಸಿ ನೋಡೋದು, ಹೀಗೆ ಮಾಡ್ತಿದ್ರು. ಅಲ್ಲಿ 1964ರ ಟೆಂಪೆಸ್ಟ್ ಅನ್ನೋ ಮಧ್ಯಮ ಗಾತ್ರದ ಕಾರಿನ ಮಾದರಿ ಒಂದನ್ನ ಮೇಲಕ್ಕೆತ್ತಿ ನಿಲ್ಲಿಸಿದ್ರು, ಅದರೊಳಗೆ ಇದ್ದಿದ್ದು 326 ಕ್ಯೂಬಿಕ್ ಇಂಚಿನ ವಿ8, ಅಂದ್ರೆ ಎಂಟು ಸಿಲಿಂಡರಿನ ಎಂಜಿನ್. ಕೆಳಗೆ ನಿಂತಿದ್ದ ಬಿಲ್ ಕಾಲಿನ್ಸ್ ಅನ್ನೋ ಎಂಜಿನಿಯರ್ ಹೇಳಿದ ಮಾತು ಏನಂದ್ರೆ, ನಮ್ಮ ದೊಡ್ಡ ಕಾರಿನ 389 ಎಂಜಿನ್ ಹೊರಗಿಂದ ಅಳತೆಯಲ್ಲಿ ಇದರಷ್ಟೇ ಇದೆ, ಇದೇ ಮೌಂಟಿಂಗ್ ಮೇಲೆ ಅದೂ ಕೂರುತ್ತೆ ಅಂತ. ಎಂಜಿನ್ ತಜ್ಞ ರಸ್ ಗೀ ಕೂಡ ಅಲ್ಲೇ ಇದ್ರು. ಯಾರೂ ವಾದ ಮಾಡಲಿಲ್ಲ. ಕೆಲವೇ ದಿನದಲ್ಲಿ ಒಂದು ಟೆಂಪೆಸ್ಟ್ ಒಳಗೆ 389 ಕೂತಿತ್ತು, ಓಡಿಸಿದವರೆಲ್ಲ ವಾಪಸ್ ಕೊಡೋಕೆ ಮನಸ್ಸಿಲ್ಲದೇ ಕೊಟ್ರು ಅಂತ ಹೇಳ್ತಾರೆ.

389 ಕ್ಯೂಬಿಕ್ ಇಂಚು ಅಂದ್ರೆ ಸುಮಾರು 6.4 ಲೀಟರ್. ಇಲ್ಲಿರೋ ಹಿರಿಯರಿಗೆ ನಮ್ಮೂರ ಅಂಬಾಸಿಡರ್ ಜ್ಞಾಪಕ ಇರುತ್ತೆ, ಅದರದ್ದು 1489 ಸಿಸಿ. ನಾಲ್ಕು ಅಂಬಾಸಿಡರ್ ಎಂಜಿನ್ ಕೂಡಿಸಿದ್ರೂ ಇದರಷ್ಟು ಆಗಲ್ಲ.

ಆದ್ರೆ ಒಂದು ಅಡ್ಡಿ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಕಂಪನಿ ರೂಲು. ಹೊಸ ಮಾಡೆಲ್ ಅಂತ ಮಾಡಿದ್ರೆ ಮೇಲಿನ ಕಮಿಟಿ ಮುಂದೆ ಹೋಗಲೇಬೇಕು, ಹೋದ್ರೆ ಬೇಡ ಅಂತಾರೆ. ನಮ್ಮಲ್ಲಿ ಹೇಳ್ತಾರಲ್ಲ, ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತ, ಅದೇ ಮಾಡಿದ್ರು ಇವರು. ಹೊಸ ಮಾಡೆಲ್ಲಿಗೆ ತಾನೇ ಒಪ್ಪಿಗೆ ಬೇಕು, ಇರೋ ಮಾಡೆಲ್ಲಿಗೆ ಒಂದು ಆಪ್ಷನ್ ಸೇರಿಸೋಕೆ ಬೇಡವಲ್ಲ? ರೇಡಿಯೋ ಬೇಕಾ, ಪವರ್ ಸ್ಟೀರಿಂಗ್ ಬೇಕಾ ಅಂತ ಫಾರಂನಲ್ಲಿ ಟಿಕ್ ಹಾಕ್ತೀವಲ್ಲ, ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು: ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಜಿಟಿಒ ಪ್ಯಾಕೇಜು, ಬೆಲೆ 295 ಡಾಲರ್ ಚಿಲ್ಲರೆ. ಅಷ್ಟೇ.

ಅಷ್ಟೊತ್ತಿಗೆ ನೂಡ್ಸನ್ ಜಾಗದಲ್ಲಿ ಡಿವಿಜನ್ ಮುಖ್ಯಸ್ಥರಾಗಿದ್ದ ಎಸ್ಟಿಸ್ ಹೂಂ ಅಂದ್ರು. ತನ್ನ ಕೆಲಸಕ್ಕೇ ಕುತ್ತು ಬರಬಹುದು ಅಂತ ಗೊತ್ತಿದ್ದೂ ಅಂದ್ರು, ಈ ಕಥೆಯಲ್ಲಿ ಎಲ್ಲರೂ ಡಿಲೋರಿಯನ್ ಹೆಸರು ಹೇಳ್ತಾರೆ ಆದ್ರೆ ನನಗೆ ಎಸ್ಟಿಸ್ ಮೇಲೆ ಹೆಚ್ಚು ಗೌರವ, ಐಡಿಯಾ ಕೊಡೋರು ಸಿಗ್ತಾರೆ, ಸೈನ್ ಹಾಕೋರು ಸಿಗಲ್ಲ, ಆಫೀಸಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಸೇಲ್ಸ್ ನೋಡ್ಕೊಳ್ತಿದ್ದ ಫ್ರಾಂಕ್ ಬ್ರಿಡ್ಜ್ ಅವರಿಗೆ ಮಾತ್ರ ನಂಬಿಕೆ ಇರಲಿಲ್ಲ, ಮೊದಲಿಗೆ 5,000 ಕಾರಿಗೆ ಮಾತ್ರ ಒಪ್ಪಿದ್ರು. ಆ ವರ್ಷ ಹೋಗಿದ್ದು 32,450.

ಹೆಸರಿನ ಕಥೆ ಬೇರೆ. ಜಿಟಿಒ ಅನ್ನೋದು ಫೆರಾರಿಯ ಹೆಸರು, ಇಟಾಲಿಯನ್ ಭಾಷೇಲಿ ಗ್ರಾನ್ ಟುರಿಸ್ಮೋ ಒಮೊಲೊಗಾಟೋ, ಅಂದ್ರೆ ರೇಸಿಗೆ ಅಧಿಕೃತವಾಗಿ ಒಪ್ಪಿಗೆ ಪಡೆದ ಕಾರು ಅಂತ. ರೇಸೇ ಬೇಡ ಅಂದ ಕಂಪನಿಯ ಕಾರಿಗೆ ಆ ಹೆಸರು ಇಟ್ಟಿದ್ದು ಡಿಲೋರಿಯನ್. ಯುರೋಪಿನ ಕಾರುಗಳನ್ನ ಪೂಜೆ ಮಾಡೋ ಜನಕ್ಕೆ ಮೈಯೆಲ್ಲ ಉರಿದುಹೋಯ್ತು. ಪಾಂಟಿಯಾಕ್ ಹುಡುಗರು ಅದನ್ನ ಜಿಟಿಒ ಅಂತ ಕರೆಯೋದನ್ನೂ ಬಿಟ್ಟು ‘ಗೋಟ್’ ಅಂತ ಕರೆದ್ರು, ಮೇಕೆ. ಇವತ್ತಿಗೂ ವುಡ್‌ವರ್ಡ್ ಮೇಲೆ ಹಳಬರು ಹಾಗೇ ಅನ್ನೋದು.

ಆ 295 ಡಾಲರ್‌ಗೆ ಏನೇನು ಬರ್ತಿತ್ತು ಅಂದ್ರೆ, 325 ಹಾರ್ಸ್‌ಪವರ್‌ನ 389 ಎಂಜಿನ್, ಎರಡು ಸೈಲೆನ್ಸರ್, ಗಟ್ಟಿ ಸಸ್ಪೆನ್ಷನ್, ಹರ್ಸ್ಟ್ ಕಂಪನಿಯ ಗೇರ್ ಶಿಫ್ಟರ್, ಕೆಂಪು ಗೆರೆ ಇರೋ ಟೈರು, ಬಾನೆಟ್ ಮೇಲೆ ಗಾಳಿ ಗೂಡಿನ ಥರ ಎರಡು ಸ್ಕೂಪ್. ಆ ಸ್ಕೂಪ್ ಮುಚ್ಚಿತ್ತು, ಗಾಳಿ ಒಳಗೆ ಹೋಗ್ತಿರಲಿಲ್ಲ, ಮುಂದಿನ ವರ್ಷ ಅದನ್ನ ತೆರೆಯೋ ಕಿಟ್ ಬಂತು. ಇನ್ನೂ ಸ್ವಲ್ಪ ದುಡ್ಡು ಕೊಟ್ರೆ ಟ್ರೈ-ಪವರ್, 348 ಹಾರ್ಸ್‌ಪವರ್.

ಈ ಟ್ರೈ-ಪವರ್ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ನನಗೆ ಈ ಹುಚ್ಚು ಹಿಡಿದಿದ್ದೇ ಅದನ್ನ ಹತ್ತಿರದಿಂದ ನೋಡಿದ ಮೇಲೆ. ಕೆಲವು ವರ್ಷದ ಹಿಂದೆ ರಾಯಲ್ ಓಕ್‌ನಲ್ಲಿ ವಾಕಿಂಗ್ ಹೋಗ್ತಿದ್ದಾಗ ಒಬ್ಬ ವಯಸ್ಸಾದವರು ಮನೆ ಮುಂದೆ 1965ರ ಜಿಟಿಒ ಬಾನೆಟ್ ತೆಗೆದು ಬಗ್ಗಿ ನಿಂತಿದ್ರು. ನಾನು ನೋಡ್ತಾ ನಿಂತೆ, ಬಾ ಅಂತ ಕರೆದ್ರು. ಎಂಜಿನ್ ಮೇಲೆ ಒಂದರ ಹಿಂದೆ ಒಂದು ಮೂರು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡೋದು), ಮೂರಕ್ಕೂ ಒಂದೊಂದು ಸಣ್ಣ ಕ್ರೋಮ್ ಮುಚ್ಚಳ, ನಮ್ಮಮ್ಮ ಮೂರು ಡಬ್ಬಿ ಸಾಲಾಗಿ ಇಟ್ಟಿರ್ತಿದ್ರಲ್ಲ ಹಂಗೆ. ಮುಚ್ಚಳ ತೆಗೆದು ತೋರಿಸಿದ್ರು. ಮಾಮೂಲಾಗಿ ಓಡಿಸುವಾಗ ನಡುವಿನದ್ದು ಮಾತ್ರ ಕೆಲಸ ಮಾಡುತ್ತೆ, ಹಾಲು ತರೋಕೆ ಹೋಗಿಬರೋಕೆ ಅದು ಸಾಕು. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಹಿಂದಿನದ್ದೂ ಮುಂದಿನದ್ದೂ ಒಟ್ಟಿಗೆ ಬಾಯಿ ತೆಗೀತವೆ. ಅವರು ಕೈಯಲ್ಲೇ ಲಿಂಕೇಜ್ ಎಳೆದ್ರು. ಅಲ್ಲಿ ತನಕ ಗುಡುಗುಡು ಅಂತಿದ್ದ ಎಂಜಿನ್ ಒಂದು ಸಲ ಆಳವಾಗಿ ಉಸಿರು ಎಳ್ಕೊಂಡ ಹಾಗೆ ಸದ್ದಾಯ್ತು, ಆಮೇಲೆ ಇಡೀ ಕಾರು ಒಂದು ಪಕ್ಕಕ್ಕೆ ವಾಲ್ತು, ನಿಂತಲ್ಲೇ. ಎಂಜಿನ್ನಿನ ತಿರುಚೋ ಬಲಕ್ಕೆ ಬಾಡಿ ಹಾಗೆ ವಾಲೋದು. ನಾನು ದಿನಾ ಕಂಪ್ಯೂಟರ್ ಮುಂದೆ ಕೂತ್ಕೊಂಡು ಟಾರ್ಕ್ ಕರ್ವ್ ನೋಡೋನು, ಆವತ್ತು ಟಾರ್ಕ್ ಅನ್ನೋದನ್ನ ಕಣ್ಣಾರೆ ಕಂಡೆ.

ಇನ್ನು ಪ್ರಚಾರದ ವಿಷಯ. ಜಿಮ್ ವ್ಯಾಂಗರ್ಸ್ ಅಂತ ಪಾಂಟಿಯಾಕ್ ಜಾಹೀರಾತು ಏಜೆನ್ಸಿಯವರು, ಬರೀ ಬರೆಯೋರಲ್ಲ, 1960ರಲ್ಲಿ ತಾವೇ ಡ್ರ್ಯಾಗ್ ರೇಸ್, ಅಂದ್ರೆ ನೇರ ದಾರಿಯ ಓಟದ ಪಂದ್ಯ, ಗೆದ್ದವರು. ರಾಯಲ್ ಓಕ್‌ನಲ್ಲಿ ರಾಯಲ್ ಪಾಂಟಿಯಾಕ್ ಅಂತ ಡೀಲರ್ ಇದ್ರು, ಎಂಜಿನ್ ಟ್ಯೂನ್ ಮಾಡೋದರಲ್ಲಿ ಎತ್ತಿದ ಕೈ. ಕಾರ್ ಅಂಡ್ ಡ್ರೈವರ್ ಪತ್ರಿಕೆ 1964ರ ಮಾರ್ಚ್ ಸಂಚಿಕೆಯಲ್ಲಿ ಪಾಂಟಿಯಾಕ್ ಜಿಟಿಒ ಮತ್ತೆ ಫೆರಾರಿ ಜಿಟಿಒ ಎರಡನ್ನೂ ಮುಖಪುಟದಲ್ಲಿ ಹಾಕ್ತು, ಪಾಂಟಿಯಾಕ್ ಸೊನ್ನೆಯಿಂದ ಗಂಟೆಗೆ 60 ಮೈಲಿಗೆ 4.6 ಸೆಕೆಂಡಲ್ಲಿ ಹೋಯ್ತು ಅಂತ ಬರೀತು. ದೇಶ ತುಂಬ ಅದೇ ಮಾತು. ನಿಜ ಏನಂದ್ರೆ ಫೆರಾರಿ ಅವರ ಕೈಗೆ ಸಿಕ್ಕೇ ಇರಲಿಲ್ಲ, ಹೋಲಿಕೆ ಎಲ್ಲ ಕಾಗದದ ಮೇಲೆ, ಮತ್ತೆ ಈ ರಾಯಲ್‌ನವರು ಟ್ಯೂನ್ ಮಾಡಿದ ಆ ಪಾಂಟಿಯಾಕ್‌ನಲ್ಲಿ ಇದ್ದಿದ್ದು 389 ಅಲ್ಲ, ಅದಕ್ಕಿಂತ ದೊಡ್ಡ 421 ಎಂಜಿನ್. ಎಷ್ಟೋ ವರ್ಷ ಆದ್ಮೇಲೆ ವ್ಯಾಂಗರ್ಸ್ ಅವರೇ ಒಪ್ಕೊಂಡ್ರು. ನನಗೆ ಇದು ಇವತ್ತಿಗೂ ಬೇಜಾರು, ಯಾಕಂದ್ರೆ ಅದರ ಅಗತ್ಯ ಇರಲಿಲ್ಲ. ಒಳ್ಳೇ ಅಕ್ಕಿಗೆ ಪಾಲಿಷ್ ಯಾಕೆ ಬೇಕು? ಷೋರೂಮಿಂದ ಬಂದ ಮಾಮೂಲಿ ಜಿಟಿಒನೇ ಆ ಬೆಲೆಗೆ ಯಾವ ಕಾರನ್ನೂ ಹಿಂದೆ ಹಾಕ್ತಿತ್ತು.

1965ರಲ್ಲಿ ಮಾರಾಟ 75,000 ದಾಟ್ತು. ಅದೇ ವರ್ಷ ಡಿಲೋರಿಯನ್ 40ನೇ ವಯಸ್ಸಿಗೇ ಪಾಂಟಿಯಾಕ್ ಮುಖ್ಯಸ್ಥರಾದ್ರು. ರೂಲು ಮಾಡಿದ ದೊಡ್ಡವರು ಏನು ಮಾಡಿದ್ರು? ಲಾಭ ನೋಡಿ ರೂಲನ್ನೇ ಬದಲಾಯಿಸಿ 400ಕ್ಕೆ ಏರಿಸಿದ್ರು. ತಕ್ಷಣ ಜನರಲ್ ಮೋಟರ್ಸ್‌ನದ್ದೇ ಬೇರೆ ಡಿವಿಜನ್‌ಗಳ ಅಣ್ಣ ತಮ್ಮಂದಿರೆಲ್ಲ ಬಂದ್ರು, ಓಲ್ಡ್ಸ್‌ಮೊಬೈಲ್‌ನವರ 4-4-2, ಷೆವ್ರೊಲೆಯವರ ಶೆವೆಲ್ 396, ಬ್ಯೂಕ್‌ನವರ ಗ್ರಾನ್ ಸ್ಪೋರ್ಟ್. ಬ್ಯೂಕ್ ಎಂಜಿನ್ ನಿಜವಾಗಿ 401 ಇತ್ತು, ರೂಲಿಗೆ ಸರಿಹೋಗಲಿ ಅಂತ 400 ಅಂತ ಬರ್ಕೊಂಡ್ರು! 1966ರಲ್ಲಿ ಜಿಟಿಒಗೆ ಆಪ್ಷನ್ ಪಟ್ಟಿಯಿಂದ ಬಿಡುಗಡೆ ಸಿಕ್ತು, ಸ್ವಂತ ಮಾಡೆಲ್ ಆಯ್ತು, ಆ ವರ್ಷ 96,946 ಕಾರು ಹೋಯ್ತು. ಅದೇ ಶಿಖರ, ಆಮೇಲೆ ಯಾವ ವರ್ಷಾನೂ ಅಷ್ಟು ಹೋಗಲಿಲ್ಲ. 1967ಕ್ಕೆ ಕಂಪನಿ ಮತ್ತೊಂದು ರೂಲು ತಂದು ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಷೆವ್ರೊಲೆಯವರ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ಮಾತ್ರ ಅಂತು, ಟ್ರೈ-ಪವರ್ ಹೋಯ್ತು, ಬದಲಿಗೆ 400 ಎಂಜಿನ್ ಮೇಲೆ ಒಂದೇ ದೊಡ್ಡ ಕ್ವಾಡ್ರಾಜೆಟ್ ಕಾರ್ಬುರೇಟರ್ ಬಂತು.

ಬ್ರೇಕ್ ವಿಷಯ ಹೇಳದೇ ಇದ್ರೆ ಮೋಸ ಆಗುತ್ತೆ. ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಫ್ಯಾಮಿಲಿ ಟೆಂಪೆಸ್ಟ್‌ನಲ್ಲಿ ಇದ್ದಂಥದ್ದೇ. ಒಂದೂವರೆ ಟನ್‌ಗೂ ಹೆಚ್ಚು ತೂಕದ ಗಾಡಿ ಅಷ್ಟು ಸ್ಪೀಡಿಗೆ ಹೋಗಿ ಎರಡು ಮೂರು ಸಲ ಜೋರಾಗಿ ಬ್ರೇಕ್ ಹಿಡಿದ್ರೆ ಡ್ರಮ್ ಕಾದು ಹಿಡಿತಾನೇ ಸಿಗ್ತಿರಲಿಲ್ಲ, ಆಗಿನ ಪತ್ರಿಕೆಗಳೇ ಬರೆದಿದಾವೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಸಿಕ್ಕಿದ್ದು 1967ರಲ್ಲಿ, ಅದೂ ಬೇರೆ ದುಡ್ಡು ಕೊಟ್ರೆ. ಓಡೋದನ್ನ ಕೊಟ್ಟು ನಿಲ್ಲೋದನ್ನ ಕೊಡದೇ ಇದ್ದಿದ್ದು ತಪ್ಪು. ಅಪ್ಪಂದಿರ ದುಡ್ಡಲ್ಲಿ ಕಾರು ತಗೊಂಡ ಹುಡುಗರು ಸತ್ತಿದಾರೆ, ಆ ಲೆಕ್ಕ ಇನ್ಶೂರೆನ್ಸ್ ಕಂಪನಿಗಳು ಇಟ್ಕೊಂಡಿದ್ವು, ಅದು ಮುಂದೆ ಬಂತು.

1968ರ ಕಾರು ನೋಡೋಕೆ ನನಗೆ ಎಲ್ಲಕ್ಕಿಂತ ಚಂದ. ಮೂತಿ ಪೂರ್ತಿ ಬಾಡಿ ಬಣ್ಣದ್ದೇ, ಕ್ರೋಮ್ ಬಂಪರ್ ಇಲ್ಲ, ಎಂಡ್ಯೂರಾ ಅನ್ನೋ ರಬ್ಬರ್ ಥರದ ವಸ್ತು, ಟಿವಿ ಜಾಹೀರಾತಲ್ಲಿ ಅದಕ್ಕೆ ಹೊಡೆದು ತೋರಿಸೋರು, ತಗ್ಗು ಬೀಳ್ತಿರಲಿಲ್ಲ. ಇವತ್ತು ನಮ್ಮೆಲ್ಲರ ಕಾರಿಗೂ ಬಾಡಿ ಬಣ್ಣದ ಬಂಪರ್ ಇದೆಯಲ್ಲ, ಆ ದಾರಿ ತೋರಿಸಿದವರಲ್ಲಿ ಇವರು ಮೊದಲಿಗರು. ಮೋಟರ್ ಟ್ರೆಂಡ್ ಪತ್ರಿಕೆ ಆ ವರ್ಷದ ಕಾರು ಅಂತ ಪ್ರಶಸ್ತಿ ಕೊಡ್ತು.

ಅದೇ ವರ್ಷ ಪ್ಲಿಮತ್‌ನವರು ರೋಡ್ ರನ್ನರ್ ಬಿಟ್ರು. ಕಾರ್ಪೆಟ್ ಇಲ್ಲ ಏನಿಲ್ಲ, ಬರೀ ಎಂಜಿನ್ನು, ರೇಟು ಕಮ್ಮಿ, ಅಂದ್ರೆ ಜಿಟಿಒ ಮರೆತಿದ್ದನ್ನ ಅವರು ಜ್ಞಾಪಿಸಿಕೊಂಡ್ರು. ಉತ್ತರ ಕೊಡೋಕೆ ಪಾಂಟಿಯಾಕ್‌ನವರು 1969ಕ್ಕೆ ‘ದ ಜಡ್ಜ್’ ಅನ್ನೋ ಜಿಟಿಒ ತಂದ್ರು, ಆಗಿನ ಟಿವಿ ಕಾಮಿಡಿ ಶೋ ಒಂದರ ಡೈಲಾಗಿಂದ ಬಂದ ಹೆಸರು. ಕಿತ್ತಳೆಗೆ ತಿರುಗಿದ ಕೆಂಪು ಬಣ್ಣ, ಪಕ್ಕದಲ್ಲಿ ಪಟ್ಟೆ, ಹಿಂದೆ ರೆಕ್ಕೆ, 366 ಹಾರ್ಸ್‌ಪವರ್. ಶುರುವಿನಲ್ಲಿ ಕಡಿಮೆ ಬೆಲೆಯ ಕಾರು ಮಾಡೋಣ ಅಂತ ಹೊರಟಿದ್ದು, ಮಾಡ್ತಾ ಮಾಡ್ತಾ ಮಾಮೂಲಿ ಜಿಟಿಒಗಿಂತ 332 ಡಾಲರ್ ಹೆಚ್ಚಾಗಿ ಕೂತ್ಕೊಳ್ತು. ಆ ಮೊದಲ ಯೋಚನೆಯ ಗುರುತು ಒಂದು ಉಳ್ಕೊಂಡಿದೆ, ನೋಡೋಕೆ ಸಿಕ್ಕಿದ್ರೆ ಚಕ್ರ ಗಮನಿಸಿ, ರಿಮ್ ಸುತ್ತ ಇರಬೇಕಾದ ಹೊಳೆಯೋ ಬಳೆ ಇರಲ್ಲ, ದುಡ್ಡು ಉಳಿಸೋಕೆ ಅಂತ ತೆಗೆದಿದ್ದು. ಮೊದಲ ವರ್ಷ 6,833 ಜಡ್ಜ್ ಹೋಯ್ತು, 1971ರಲ್ಲಿ ಬರೀ 374.

ಬಿದ್ದಿದ್ದು ಅಷ್ಟು ಬೇಗ. ಎಲ್ಲರೂ 1973ರ ತೈಲ ಬಿಕ್ಕಟ್ಟು ಕೊಂದಿದ್ದು ಅಂತಾರೆ, ಲೆಕ್ಕ ನೋಡಿ: 1969ರಲ್ಲಿ 72,000 ಚಿಲ್ಲರೆ, 1970ರಲ್ಲಿ 40,149, 1971ರಲ್ಲಿ 10,532, 1972ರಲ್ಲಿ 5,807. ಅರಬ್ ದೇಶಗಳು ಎಣ್ಣೆ ನಿಲ್ಲಿಸೋ ಹೊತ್ತಿಗೆ ಇದು ಆಗಲೇ ಹಾಸಿಗೆ ಹಿಡಿದಿತ್ತು. ಕೊಂದಿದ್ದು ಮೊದಲು ಇನ್ಶೂರೆನ್ಸು. 25 ದಾಟದ ಹುಡುಗ, ಕಾರಿನ ತೂಕಕ್ಕೆ ಹೋಲಿಸಿದ್ರೆ ಹಾರ್ಸ್‌ಪವರ್ ಜಾಸ್ತಿ, ಹಾಗಿದ್ರೆ ಪ್ರೀಮಿಯಂ ಮೇಲೆ ಇನ್ನಷ್ಟು ಹಾಕು. ಯಾರಿಗೋಸ್ಕರ ಮಾಡಿದ್ರೋ ಅವನೇ ತಗೊಳ್ಳೋಕೆ ಆಗದ ಹಾಗಾಯ್ತು. ಆಮೇಲೆ ಹೊಗೆ ಕಾನೂನು, ಸೀಸ ಕಡಿಮೆ ಇರೋ ಪೆಟ್ರೋಲಿಗೆ ಹೊಂದಲಿ ಅಂತ 1971ಕ್ಕೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಪೆಟ್ರೋಲನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು, ಇಳಿಸಿದ್ರು, 10ರ ಮೇಲಿದ್ದದ್ದು 8ರ ಆಸುಪಾಸಿಗೆ ಬಂತು. ಹೊಗೆ ಕಾನೂನು ಬೇಕಾಗೇ ಇತ್ತು, ನಾನೂ ಇದೇ ಗಾಳಿ ಕುಡಿಯೋನು, ಅದನ್ನ ಬೈಯಲ್ಲ. 1972ಕ್ಕೆ ಹಾರ್ಸ್‌ಪವರ್ ಅಳೆಯೋ ರೀತಿನೂ ಬದಲಾಯ್ತು, ಎಂಜಿನ್ನನ್ನ ಬರಿಮೈಯಲ್ಲಿ ಅಳೆಯೋದು ಬಿಟ್ಟು ಕಾರಿನಲ್ಲಿ ಇದ್ದ ಹಾಗೇ ಅಳೆದ್ರು, 400 ಎಂಜಿನ್ ಪಕ್ಕದಲ್ಲಿ 250 ಅಂತ ಬರೀತಿದ್ರು, ಎರಡು ವರ್ಷದ ಹಿಂದೆ ಅಲ್ಲಿ 350 ಅಂತ ಇತ್ತು.

ಮತ್ತೆ 1972ರಲ್ಲೇ ನನಗೆ ಓದಿದಾಗೆಲ್ಲ ಗಂಟಲು ಕಟ್ಟೋ ಸಂಗತಿ ಆಗಿದ್ದು. ಜಿಟಿಒ ಸ್ವಂತ ಮಾಡೆಲ್ ಅನ್ನೋದನ್ನ ತೆಗೆದು ಮತ್ತೆ ಲೆಮಾನ್ಸ್ ಕಾರಿನ ಆಪ್ಷನ್ ಮಾಡಿದ್ರು. ಎಲ್ಲಿಂದ ಬಂದಿತ್ತೋ ಅಲ್ಲಿಗೇ, ಫಾರಂನಲ್ಲಿ ಒಂದು ಸಾಲು. 1974ಕ್ಕೆ ವೆಂಚುರಾ ಅನ್ನೋ ಸಣ್ಣ ಕಾರಿಗೆ ಅಂಟಿಸಿದ್ರು, 350 ಎಂಜಿನ್, 200 ಹಾರ್ಸ್‌ಪವರ್, 7,058 ಹೋಯ್ತು, ಅಲ್ಲಿಗೆ ಮುಗೀತು. 2004ರಿಂದ 2006ರ ತನಕ ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ ಕಾರನ್ನ ತಂದು ಜಿಟಿಒ ಅಂತ ಮಾರಿದ್ರು, ಓಡಿಸೋಕೆ ತುಂಬ ಒಳ್ಳೇ ಕಾರು, ಆದ್ರೆ ನೋಡಿದವರಿಗೆ ಅದು ಜಿಟಿಒ ಅಂತ ಅನ್ನಿಸಲಿಲ್ಲ. 2009ರಲ್ಲಿ ಜನರಲ್ ಮೋಟರ್ಸ್ ಮುಳುಗೋ ಹಂತಕ್ಕೆ ಬಂದಾಗ ಪಾಂಟಿಯಾಕ್ ಹೆಸರನ್ನೇ ನಿಲ್ಲಿಸ್ತೀವಿ ಅಂದ್ರು, 2010ಕ್ಕೆ ಅದೂ ಹೋಯ್ತು.

ಮುಂದಿನ ವಾರ ರಸ್ತೆ ಬದಿ ನಿಂತಾಗ ಏನು ನೋಡ್ಬೇಕು ಅಂತ ಹೇಳ್ತೀನಿ. ಮುಂದಿನ ಚಕ್ರದ ಹಿಂದೆ ಬಾಡಿ ಮೇಲೆ ಒಂದು ಸಣ್ಣ ಬ್ಯಾಡ್ಜ್ ಇರುತ್ತೆ, ಜಿಟಿಒ 6.5 ಲೀಟರ್ ಅಂತ (389ರ ಲೆಕ್ಕ 6.4 ಆದ್ರೂ ಬರೆದಿರೋದು ಹಾಗೆ). ಅಮೆರಿಕದ ಕಾರಿಗೆ ಆಗ ಯಾರೂ ಲೀಟರ್ ಲೆಕ್ಕ ಹಾಕ್ತಿರಲಿಲ್ಲ, ಯುರೋಪಿನ ಗತ್ತು ಬರಲಿ ಅಂತ ಹಾಕಿದ್ದು. ಆದ್ರೆ 1964, 1965ರ ಕಾರಾದ್ರೆ ಬ್ಯಾಡ್ಜ್ ನಂಬೋ ಹಾಗಿಲ್ಲ, ಯಾಕಂದ್ರೆ ಜಿಟಿಒ ಆಗ ಆಪ್ಷನ್ ಅಷ್ಟೇ, ಕಾರಿನ ಸೀರಿಯಲ್ ನಂಬರಲ್ಲಿ ಅದು ಬರೋದೇ ಇಲ್ಲ. ಮಾಮೂಲಿ ಲೆಮಾನ್ಸ್ ತಗೊಂಡು ಬ್ಯಾಡ್ಜ್ ಅಂಟಿಸಿ ಮಾರೋರು ಬೇಕಾದಷ್ಟಿದಾರೆ. 1966ರಿಂದ 1971ರ ತನಕದ್ದಾದ್ರೆ ನಂಬರ್ 242 ಅಂತ ಶುರುವಾಗುತ್ತೆ, ಗೊತ್ತಾಗುತ್ತೆ. ಅದಕ್ಕೆ ಮುಂಚಿನದ್ದಕ್ಕೆ ಫ್ಯಾಕ್ಟರಿ ಬಿಲ್ಲೇ ಸಾಕ್ಷಿ.

ರಾಯಲ್ ಓಕ್‌ನ ಆ ಹಿರಿಯರು ಆವತ್ತು ಬಾನೆಟ್ ಮುಚ್ಚಿದ ಮೇಲೆ ಕೈ ಒರೆಸ್ಕೊಂಡು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ಒಳಗೆ ಬಿಲ್ಲಿನ ಕಾಪಿ, ಮಡಿಚಿದ ಕಡೆ ಬೆಳ್ಳಗಾಗಿತ್ತು. ಕವರಿಂದ ಆಚೆ ತೆಗೀಲಿಲ್ಲ, ಹಾಗೇ ಹಿಡಿದು ಬೆರಳಿಟ್ಟು ತೋರಿಸಿದ್ರು. ರೇಡಿಯೋ, ಹೀಟರು, ಅದರ ಕೆಳಗೆ ಜಿಟಿಒ, ಪಕ್ಕದಲ್ಲಿ ದುಡ್ಡು.